ಯಾವ ಸರ್ಕಾರ ಪದ್ಧತಿ ವಾಸಿ? ಮೊದಲು ಇಳಿಯುವ ಮೆಟ್ಟಿಲು ಎಲ್ಲಿದೆ ನೋಡಿ

ಪ್ರಧಾನಿ ಇರುವ ಪದ್ಧತಿ ಒಳ್ಳೆಯದಾ, ಅಧ್ಯಕ್ಷರು ಇರುವ ಪದ್ಧತಿ ಒಳ್ಳೆಯದಾ? ಈ ಚರ್ಚೆ ಶುರುವಾದರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಬ್ಬರು "ಅಮೆರಿಕದ ಥರ ಗಟ್ಟಿ ನಾಯಕ ಬೇಕು" ಅನ್ನುತ್ತಾರೆ. ಇನ್ನೊಬ್ಬರು "ಬೇಡಪ್ಪ, ಒಬ್ಬನ ಕೈಗೇ ಎಲ್ಲ ಕೊಟ್ಟರೆ ಕಥೆ ಮುಗೀತು" ಅನ್ನುತ್ತಾರೆ. ಇಬ್ಬರೂ ನೋಡುತ್ತಿರುವುದು ಕುರ್ಚಿಗೆ ಹತ್ತುವ ಮೆಟ್ಟಿಲನ್ನೇ. ಯಾವ ದೇಶದ ಸಂವಿಧಾನ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಇಳಿಯುವ ಮೆಟ್ಟಿಲನ್ನು. ಆರಿಸಿ ತಂದು ಎರಡು ವರ್ಷವಾಗಿದೆ, ಈಗ ಇವರು ಬೇಡ ಅನಿಸುತ್ತಿದೆ ಅಂತಿಟ್ಟುಕೊಳ್ಳಿ. ಇಳಿಸುವವರು ಯಾರು? ಎಷ್ಟು ಮತ ಬೇಕು? ಇಳಿಸಿದ ಮೇಲೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ?

ಈ ಮೂರು ಪ್ರಶ್ನೆ ಕೈಯಲ್ಲಿ ಹಿಡಿದು ಹೊರಟರೆ ಪದ್ಧತಿಗಳ ನಡುವಿನ ವ್ಯತ್ಯಾಸ ಬೇಗ ಕಾಣುತ್ತದೆ. ಇನ್ನೂ ಬೇರೆ ಪ್ರಶ್ನೆಗಳಿವೆ. ಮತ ಎಣಿಸುವುದು ಹೇಗೆ, ಮೇಲ್ಮನೆ ಬೇಕಾ, ಕೋರ್ಟಿಗೆ ಎಷ್ಟು ಬಲ, ಇತ್ಯಾದಿ. ಅವನ್ನೂ ನೋಡೋಣ. ಆದರೆ ಎಲ್ಲವನ್ನೂ ಸಮ ತೂಗಲು ನಾನು ಹೋಗುವುದಿಲ್ಲ. ಕೆಲವು ಅಷ್ಟು ಮುಖ್ಯವಲ್ಲ.

ಶುರುವಿನಲ್ಲೇ ಒಂದು ಎಚ್ಚರಿಕೆ. ಹುದ್ದೆಯ ಹೆಸರು ನೋಡಿ ಪದ್ಧತಿ ಯಾವುದು ಅಂತ ತೀರ್ಮಾನಿಸಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರ ನಡೆಸುವವರಿಗೆ 'ಅಧ್ಯಕ್ಷ' ಅಂತಲೇ ಹೆಸರು. ಆದರೆ ಅವರನ್ನು ಆರಿಸುವುದು ಸಂಸತ್ತು, ಇಳಿಸಬಲ್ಲದ್ದೂ ಸಂಸತ್ತೇ. 2024ರ ಚುನಾವಣೆಯಲ್ಲಿ ಆಡಳಿತದಲ್ಲಿದ್ದ ಎಎನ್‌ಸಿ ಪಕ್ಷ ಶೇ. 40ರ ಆಸುಪಾಸಿನ ಮತಕ್ಕೆ ಕುಸಿದಾಗ, ಅದರ ನಾಯಕ ರಾಮಫೋಸಾ ಬೇರೆ ಪಕ್ಷಗಳ ಕೈ ಹಿಡಿದು ಮತ್ತೆ ಅಧ್ಯಕ್ಷರಾದರು. ಕೆಲಸದಲ್ಲಿ ಅವರು ಪ್ರಧಾನಿಯೇ, ಹೆಸರು ಮಾತ್ರ ಬೇರೆ. ಜರ್ಮನಿಯಲ್ಲೂ ಅಧ್ಯಕ್ಷರಿದ್ದಾರೆ, ಆದರೆ ಆಡಳಿತ ನಡೆಸುವವರು ಚಾನ್ಸೆಲರ್. ಹಾಗಾಗಿ ಬೋರ್ಡು ಬಿಟ್ಟು ಒಳಗಿನ ಯಂತ್ರ ನೋಡಿ.

ಸಂಸದೀಯ ಪದ್ಧತಿ: ಒಂದು ಮತದ ಕಥೆಗಳು

ಇಲ್ಲಿ ಇಳಿಸುವುದು ಸುಲಭ. ಕೆಳಮನೆಯ ಬಹುಮತ ಇರುವವರೆಗೆ ಸರ್ಕಾರ, ಹೋದ ದಿನ ಮನೆಗೆ. ಎಷ್ಟು ಸುಲಭ ಅನ್ನುವುದಕ್ಕೆ ಒಂದು ರಾತ್ರಿ, ಒಂದು ಹಗಲಿನ ಕಥೆ ಸಾಕು.

ಮೊದಲನೆಯದು 1979ರ ಮಾರ್ಚ್ 28ರ ರಾತ್ರಿ, ಲಂಡನ್. ಕ್ಯಾಲಹನ್ ಅವರ ಲೇಬರ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ. ಲೇಬರ್ ಸದಸ್ಯ ಆಲ್ಫ್ರೆಡ್ ಬ್ರೌಟನ್ ಸಾಯುವ ಸ್ಥಿತಿಯಲ್ಲಿ ಮಲಗಿದ್ದರು. ಆಂಬುಲೆನ್ಸ್‌ನಲ್ಲಿ ಕರೆತಂದು ಸಂಸತ್ತಿನ ಆವರಣದೊಳಗೆ ನಿಲ್ಲಿಸಿದ್ದರೂ ಸಾಕಿತ್ತು, ಅವರ ಮತ ಎಣಿಕೆಗೆ ಸೇರುತ್ತಿತ್ತು. ದಾರಿಯಲ್ಲೇ ಜೀವ ಹೋದೀತು ಅಂತ ಕರೆತರಲಿಲ್ಲ. ಉತ್ತರ ಐರ್ಲೆಂಡಿನ ಫ್ರಾಂಕ್ ಮಗ್ವೈರ್ ಎಂಬ ಪಕ್ಷೇತರರು ಅಷ್ಟು ದೂರದಿಂದ ಬಂದರು. ಮತ ಹಾಕೋಕಲ್ಲ, ತಾನು ತಟಸ್ಥ ಅಂತ ಖುದ್ದಾಗಿ ತೋರಿಸೋಕೆ! ಎಣಿಸಿದಾಗ ಬಂದದ್ದು 311–310. ಸರ್ಕಾರ ಬಿತ್ತು. ಬ್ರೌಟನ್ ಐದು ದಿನದ ಮೇಲೆ ತೀರಿಕೊಂಡರು. ಮೇ 3ರ ಚುನಾವಣೆಯಲ್ಲಿ ಗೆದ್ದು ಬಂದವರು ಮಾರ್ಗರೆಟ್ ಥ್ಯಾಚರ್.

ಎರಡನೆಯದು ನಮ್ಮಲ್ಲಿ ತುಂಬ ಜನಕ್ಕೆ ನೆನಪಿರುವ ದಿನ, 1999ರ ಏಪ್ರಿಲ್ 17. ವಾಜಪೇಯಿ ವಿಶ್ವಾಸಮತ ಕೇಳಿದರು. ಪರ 269, ವಿರುದ್ಧ 270. ಅಷ್ಟರಲ್ಲಾಗಲೇ ಒಡಿಶಾದ ಮುಖ್ಯಮಂತ್ರಿಯಾಗಿದ್ದ ಗಿರಿಧರ್ ಗಮಾಂಗ್ ಲೋಕಸಭೆಯ ಸದಸ್ಯತ್ವ ಬಿಟ್ಟಿರಲಿಲ್ಲ. ಅವರೂ ಬಂದು ವಿರುದ್ಧ ಮತ ಹಾಕಿದರು.

ಆಮೇಲೆ ಆದದ್ದನ್ನು ಗಮನಿಸಬೇಕು. ಬೇಡ ಅನ್ನೋಕೆ 270 ಜನ ಒಟ್ಟಾಗಿದ್ದರು. ಬದಲಿಗೆ ಯಾರು ಅಂತ ಕೇಳಿದಾಗ ಆ ಒಗ್ಗಟ್ಟು ಇರಲಿಲ್ಲ. ಕೊನೆಗೆ ಲೋಕಸಭೆಯೇ ವಿಸರ್ಜನೆಯಾಯಿತು, ದೇಶ ಮತ್ತೆ ಚುನಾವಣೆಗೆ ಹೋಯಿತು, ವಾಜಪೇಯಿಯೇ ಮರಳಿ ಬಂದರು. ಅಂದರೆ ಇಳಿಸುವ ಬಾಗಿಲು ತೀರಾ ಸಲೀಸಾಗಿದ್ದರೆ ಮೂರನೇ ಪ್ರಶ್ನೆ ('ಆಮೇಲೆ ಯಾರು?') ಖಾಲಿ ಉಳಿದುಬಿಡುತ್ತದೆ.

ಈ ಖಾಲಿ ಜಾಗದ ರುಚಿ ಜರ್ಮನಿಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿತ್ತು. 1932ರ ಸೆಪ್ಟೆಂಬರ್‌ನಲ್ಲಿ ಪಾಪೆನ್ ಸರ್ಕಾರದ ವಿರುದ್ಧ 512 ಮತ ಬಿದ್ದವು, ಪರವಾಗಿ ಬರೀ 42. ಆ 512ರಲ್ಲಿ ನಾಜಿಗಳೂ ಇದ್ದರು, ಕಮ್ಯುನಿಸ್ಟರೂ ಇದ್ದರು. ಬೀಳಿಸಲು ಜೊತೆಯಾದವರು, ಸೇರಿ ಸರ್ಕಾರ ಮಾಡುವ ಮಾತಂತೂ ಕನಸಿನಲ್ಲೂ ಇಲ್ಲ. ಹಾಗಾಗಿ 1949ರ ಹೊಸ ಸಂವಿಧಾನದ 67ನೇ ವಿಧಿಯಲ್ಲಿ ಒಂದು ಷರತ್ತು ಸೇರಿಸಿದರು: ಚಾನ್ಸೆಲರ್‌ನನ್ನು ಇಳಿಸಬೇಕಾದರೆ ಅದೇ ಮತದಲ್ಲಿ ಹೊಸಬರನ್ನು ಆರಿಸಬೇಕು. ಸುಮ್ನೆ 'ಬೇಡ' ಅಂದರೆ ನಡೆಯುವುದಿಲ್ಲ, 'ಇವರ ಬದಲು ಇವರು' ಅನ್ನಬೇಕು.

ಇದುವರೆಗೆ ಚಾನ್ಸೆಲರ್ ಮೇಲೆ ಇದನ್ನು ಪ್ರಯೋಗಿಸಿದ್ದು ಎರಡೇ ಸಲ. 1972ರಲ್ಲಿ ವಿಲಿ ಬ್ರಾಂಟ್ ವಿರುದ್ಧ ಎದುರು ಪಕ್ಷದ ಬಾರ್ಟ್ಸೆಲ್ ನಿಂತಾಗ 249 ಬೇಕಿತ್ತು, 247 ಬಂತು. 1982ರಲ್ಲಿ ಶ್ಮಿಟ್ ಅವರನ್ನು ಇಳಿಸಿ ಹೆಲ್ಮುಟ್ ಕೋಲ್ ಕುರ್ಚಿ ಹಿಡಿದರು. 1949ರಿಂದ 2025ರವರೆಗೆ ಅಲ್ಲಿ ಒಟ್ಟು 10 ಚಾನ್ಸೆಲರ್‌ಗಳು, ಅಷ್ಟೇ. ಸ್ಪೇನ್ ಕೂಡ ಇದೇ ನಿಯಮ ಇಟ್ಟುಕೊಂಡಿದೆ. 2018ರ ಜೂನ್ 1ರಂದು 180 ಮತಗಳಿಂದ ಪ್ರಧಾನಿ ರಹೋಯ್ ಹೋದರು, ಅದೇ ಮತಕ್ಕೆ ಪೆಡ್ರೊ ಸಾಂಚೆಸ್ ಬಂದರು. ಮಧ್ಯೆ ಖಾಲಿ ಇರಲಿಲ್ಲ.

ಇದರಲ್ಲೂ ಸಂದಿಗೊಂದಿ ಇದೆ ಅನ್ನಿ. ಬೇಗ ಚುನಾವಣೆ ಬೇಕಾದ ಚಾನ್ಸೆಲರ್ ತಾನೇ ವಿಶ್ವಾಸಮತ ಕೇಳಿ, ಬೇಕಂತಲೇ ಸೋಲುತ್ತಾರೆ. ಶ್ರೋಡರ್ 2005ರಲ್ಲಿ ಮಾಡಿದ್ದು ಅದನ್ನೇ. 2024ರ ಡಿಸೆಂಬರ್‌ನಲ್ಲಿ ಶೋಲ್ಸ್ ಸೋಲುವುದು ಗೊತ್ತಿದ್ದೇ ಮತ ಕೇಳಿದರು.

ಸಂಸದೀಯ ಪದ್ಧತಿ ಹೋಲಿಸುವಾಗ ಬಹಳ ಜನ ಮರೆಯುವ ಇನ್ನೊಂದು ವಿಷಯ ವಿಪ್, ಅಂದರೆ ಹೀಗೇ ಮತ ಹಾಕಿ ಅಂತ ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. 2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ 21 ಕನ್ಸರ್ವೇಟಿವ್ ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ಹೊರಹಾಕಿತು. ಸಂಸತ್ತಿನ ಸ್ಥಾನ ಮಾತ್ರ ಅವರದೇ ಉಳಿಯಿತು. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಮೇಲೆ, ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಪುಸ್ತಕದಲ್ಲಿ ಎರಡೂ ಒಂದೇ ಪದ್ಧತಿ. ಆದರೆ ಲಿಜ್ ಟ್ರಸ್ 2022ರಲ್ಲಿ 49 ದಿನಕ್ಕೆ ಕುರ್ಚಿ ಬಿಟ್ಟಿದ್ದು ಅವಿಶ್ವಾಸ ಮತದಿಂದಲ್ಲ, ಅವರದೇ ಸದಸ್ಯರು ಕೈಬಿಟ್ಟಿದ್ದರಿಂದ. ಸ್ಥಾನದ ಭಯ ಇದ್ದ ಕಡೆ ಹಾಗೆ ಎದ್ದು ನಿಲ್ಲೋಕೆ ಎಷ್ಟು ಜನಕ್ಕೆ ಧೈರ್ಯ ಬರುತ್ತೆ? ಪಕ್ಷಾಂತರ ತಡೆಯಲು ಹಾಕಿದ ಬೀಗ ಇಳಿಯುವ ಬಾಗಿಲಿಗೂ ಬಿದ್ದಿರುತ್ತದೆ, ಅಲ್ವಾ.

ಅಧ್ಯಕ್ಷೀಯ ಪದ್ಧತಿ: ಗಡಿಯಾರಕ್ಕೆ ಕಟ್ಟಿದ ಕುರ್ಚಿ

ಇಲ್ಲಿ ಜನ ಅಧ್ಯಕ್ಷರನ್ನು ಬೇರೆಯಾಗಿ, ಸಂಸತ್ತನ್ನು ಬೇರೆಯಾಗಿ ಆರಿಸುತ್ತಾರೆ. ಇಬ್ಬರಿಗೂ ನಿಗದಿತ ಅವಧಿ. ಒಬ್ಬರು ಇನ್ನೊಬ್ಬರನ್ನು ಕೆಲಸ ಸರಿಯಿಲ್ಲ ಅಂತ ಮನೆಗೆ ಕಳಿಸುವಂತಿಲ್ಲ. ಲಾಭ ಸ್ಪಷ್ಟ. ಯಾರಿಗೆ ಮತ ಹಾಕುತ್ತಿದ್ದೇವೆ ಅಂತ ಮೊದಲೇ ಗೊತ್ತು, ಚುನಾವಣೆ ಆದ ಮೇಲೆ ಹಿಂಬಾಗಿಲ ಚೌಕಾಶಿ ಕಡಿಮೆ, ನಾಲ್ಕೈದು ವರ್ಷ ಯಾರಿರುತ್ತಾರೆ ಅನ್ನುವ ಗೊಂದಲವಿಲ್ಲ.

ಇಳಿಸಬೇಕಾದರೆ ಇರುವುದು ವಾಗ್ದಂಡನೆ ಮಾತ್ರ. ಅದಕ್ಕೆ ಅಪರಾಧ ಹೊರಿಸಬೇಕು, ಅಸಮರ್ಥ ಅಂದರೆ ಸಾಲದು. ಅಮೆರಿಕದಲ್ಲಿ 1868ರಲ್ಲಿ ಆಂಡ್ರೂ ಜಾನ್ಸನ್ ಸೆನೆಟ್‌ನಲ್ಲಿ ಉಳಿದದ್ದು ಒಂದೇ ಮತದಿಂದ. 35 ಜನ ತಪ್ಪಿತಸ್ಥ ಅಂದರು, 19 ಜನ ಅಲ್ಲ ಅಂದರು. ಮೂರನೇ ಎರಡು ಭಾಗಕ್ಕೆ 36 ಬೇಕಿತ್ತು. ಆಮೇಲೆ ಕ್ಲಿಂಟನ್, ಎರಡು ಸಲ ಟ್ರಂಪ್. ಯಾರನ್ನೂ ಸೆನೆಟ್ ಇಳಿಸಲಿಲ್ಲ. 1974ರಲ್ಲಿ ನಿಕ್ಸನ್ ಮಾತ್ರ ಮುಂದೇನು ಅಂತ ಗೊತ್ತಾಗಿ ತಾವೇ ರಾಜೀನಾಮೆ ಕೊಟ್ಟರು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇರುವ ಬಾಗಿಲು, ಇನ್ನೂ ಯಾರೂ ಅದರಲ್ಲಿ ಪೂರ್ತಿ ಹಾದುಹೋಗಿಲ್ಲ.

ಅಧ್ಯಕ್ಷರದ್ದು ಒಂದು ಪಕ್ಷ, ಸಂಸತ್ತಿನದ್ದು ಇನ್ನೊಂದು ಪಕ್ಷ ಆದಾಗ ಎತ್ತು ಏರಿಗೆ, ಕೋಣ ನೀರಿಗೆ. ಬಜೆಟ್ ಪಾಸಾಗದೆ ಅಮೆರಿಕದಲ್ಲಿ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿಕೊಳ್ಳುವುದು ಹೆಚ್ಚಾಗಿ ಇಂಥ ಜಗಳಕ್ಕೆ. 2018–19ರಲ್ಲಿ ಅದು 35 ದಿನ ನಡೆಯಿತು. ಸಂಸದೀಯ ದೇಶದಲ್ಲಿ ಬಜೆಟ್ ಬಿದ್ದರೆ ಸರ್ಕಾರವೂ ಬೀಳುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಇಬ್ಬರೂ "ನನ್ನನ್ನು ಜನ ಆರಿಸಿದ್ದಾರೆ" ಅನ್ನಬಹುದು, ಇಬ್ಬರ ಮಾತೂ ನಿಜ. ರಾಜಕೀಯ ವಿದ್ವಾಂಸ ಹುವಾನ್ ಲಿನ್ಸ್ 1990ರಲ್ಲಿ ಈ ಪದ್ಧತಿಯ ಮೇಲೆ ಹೊರಿಸಿದ ದೊಡ್ಡ ಆರೋಪ ಇದೇ. ಚಿಲಿಯಲ್ಲಿ 1970ರಲ್ಲಿ ಅಯೆಂದೆ ಗೆದ್ದದ್ದು ಶೇ. 36ರಷ್ಟು ಮತದಿಂದ. ಸಂಸತ್ತಿನ ಬಹುಮತ ಅವರ ಕೈಲಿರಲಿಲ್ಲ. ಕಾನೂನಿನ ದಾರಿಯಲ್ಲಿ ಗಂಟು ಬಿಡಿಸಲಾಗದೆ ಕೂತಿದ್ದಾಗ 1973ರ ಸೆಪ್ಟೆಂಬರ್ 11ರಂದು ಸೈನ್ಯ ನುಗ್ಗಿತು.

ಆದರೆ ಇದೇ ಕೊನೆಯ ಮಾತು ಅಂದುಕೊಂಡರೆ ತಪ್ಪಾಗುತ್ತದೆ. ಕೋಸ್ಟಾರಿಕಾ 1949ರಿಂದ ಅಧ್ಯಕ್ಷೀಯ ಪದ್ಧತಿಯಲ್ಲೇ ಇದೆ, ಒಂದು ಚುನಾವಣೆಯೂ ತಪ್ಪಿಲ್ಲ. ಅಧ್ಯಕ್ಷರು ಸತತ ಎರಡನೇ ಸಲ ನಿಲ್ಲುವಂತಿಲ್ಲ. ಸೈನ್ಯವನ್ನೇ ತೆಗೆದುಹಾಕಿದ ದೇಶ ಅದು.

ದಕ್ಷಿಣ ಕೊರಿಯಾದ್ದು ಸ್ವಲ್ಪ ವಿವರವಾಗಿ ಹೇಳಬೇಕು. 2024ರ ಡಿಸೆಂಬರ್ 3, ರಾತ್ರಿ ಹತ್ತೂವರೆ ಸುಮಾರಿಗೆ ಅಧ್ಯಕ್ಷ ಯೂನ್ ಸುಕ್-ಯೋಲ್ ಟಿವಿಯಲ್ಲಿ ಬಂದು ಸೈನಿಕ ಕಾನೂನು ಘೋಷಿಸಿದರು. ಬೇಲಿಯೇ ಎದ್ದು ಹೊಲ ಮೇಯಲು ಹೊರಟಂತೆ. ಆದರೆ ಅಲ್ಲಿನ ಸಂವಿಧಾನದಲ್ಲಿ ಒಂದು ಸಾಲಿದೆ. ಸಂಸತ್ತಿನ ಬಹುಮತ ಕೇಳಿದರೆ ಅಧ್ಯಕ್ಷರು ಸೈನಿಕ ಕಾನೂನು ವಾಪಸ್ ಪಡೆಯಲೇಬೇಕು. ಅದು ಗೊತ್ತಿದ್ದ ಸದಸ್ಯರು ಮಲಗಿದ್ದ ಕಡೆಯಿಂದ ಎದ್ದು ಓಡಿದರು. ಗೇಟಿನಲ್ಲಿ ಪೊಲೀಸರು. 67 ವಯಸ್ಸಿನ ಸ್ಪೀಕರ್ ವೂ ವನ್-ಶಿಕ್ ಬೇಲಿ ಹಾರಿ ಒಳಗೆ ಹೋದರು. ಸಿಬ್ಬಂದಿ ಮೇಜು, ಕುರ್ಚಿ ಬಾಗಿಲಿಗೆ ಅಡ್ಡ ಇಟ್ಟು ಸೈನಿಕರನ್ನು ತಡೆದರು. ರಾತ್ರಿ ಒಂದು ಗಂಟೆ ಸುಮಾರಿಗೆ ಮತ ಹಾಕಿದಾಗ ಸದನದಲ್ಲಿದ್ದವರು 190 ಜನ, 190 ಮತವೂ ವಿರುದ್ಧ. ಬೆಳಗಾಗುವಷ್ಟರಲ್ಲಿ ಸೈನಿಕ ಕಾನೂನು ಮುಗಿದಿತ್ತು.

ಅಧ್ಯಕ್ಷರನ್ನು ಇಳಿಸಲು ಮಾತ್ರ ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಡಿಸೆಂಬರ್ 7ರ ಮೊದಲ ಪ್ರಯತ್ನದಲ್ಲಿ ಆಡಳಿತ ಪಕ್ಷ ಎದ್ದು ಹೋಗಿ ಕೋರಂ (ಮತಕ್ಕೆ ಬೇಕಾದ ಕನಿಷ್ಠ ಹಾಜರಿ) ಕೆಡಿಸಿತು. 14ರಂದು 204 ಮತ ಬಂತು, ಬೇಕಿದ್ದದ್ದು 200. ಆಮೇಲೆ ಸಂವಿಧಾನ ನ್ಯಾಯಾಲಯ 2025ರ ಏಪ್ರಿಲ್ 4ರಂದು ಎಂಟೂ ನ್ಯಾಯಾಧೀಶರ ಒಮ್ಮತದಿಂದ ವಜಾ ಮಾಡಿತು. ಜೂನ್ 3ಕ್ಕೆ ಹೊಸ ಚುನಾವಣೆ ನಡೆಯಿತು. ಎರಡು ಕೀಲಿಯ ಬೀಗ ಇದು, ಒಂದು ಸಂಸತ್ತಿನ ಕೈಲಿ, ಇನ್ನೊಂದು ನ್ಯಾಯಾಲಯದ ಕೈಲಿ. ಅಧ್ಯಕ್ಷೀಯ ಪದ್ಧತಿಯೇ ಬೇಕು ಅನ್ನುವವರಿಗೆ ನಾನು ತೋರಿಸುವ ಮಾದರಿ ಅಮೆರಿಕದ್ದಲ್ಲ, ಇದು.

ಬಾಗಿಲು ತೀರಾ ಸಡಿಲವಾದರೆ ಏನಾಗುತ್ತೆ ಅನ್ನೋಕೆ ಪೆರು ಇದೆ. ಅಲ್ಲಿ 'ನೈತಿಕ ಅಸಮರ್ಥತೆ' ಅನ್ನುವ ಒಂದು ಮಾತು ಸಂವಿಧಾನದಲ್ಲಿದೆ. ಅದರ ಅರ್ಥ ಸಂಸತ್ತು ಹೇಳಿದ್ದೇ. 2020ರ ನವೆಂಬರ್‌ನಲ್ಲಿ ಒಂದೇ ವಾರ ಚಿಲ್ಲರೆಯಲ್ಲಿ ಮೂರು ಅಧ್ಯಕ್ಷರು: ವಿಸ್ಕಾರಾ, ಮೆರಿನೋ, ಸಗಾಸ್ತಿ.

ಅರೆ-ಅಧ್ಯಕ್ಷೀಯ: ಒಂದು ಮನೆ, ಇಬ್ಬರು ಯಜಮಾನರು

ಜನ ಆರಿಸಿದ ಅಧ್ಯಕ್ಷ, ಸಂಸತ್ತಿಗೆ ಉತ್ತರ ಕೊಡುವ ಪ್ರಧಾನಿ, ಇಬ್ಬರೂ ಇರುತ್ತಾರೆ. ಫ್ರಾನ್ಸ್ ಇದಕ್ಕೆ ಬಂದದ್ದು ಬೇಸತ್ತು. 1946ರಿಂದ 1958ರವರೆಗೆ ಹನ್ನೆರಡು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರ ಬಂದು ಹೋಗಿದ್ದವು. ಇಬ್ಬರೂ ಒಂದೇ ಪಕ್ಷದವರಾದರೆ ಪ್ರಧಾನಿ ಹೆಚ್ಚುಕಮ್ಮಿ ಅಧ್ಯಕ್ಷರ ಮ್ಯಾನೇಜರ್. ಬೇರೆ ಬೇರೆ ಪಕ್ಷದವರಾದರೆ ಸಹಬಾಳ್ವೆ ಅನ್ನುತ್ತಾರೆ, ನಡೆಯುವುದು ಹೊಂದಿಕೆಯ ಸರ್ಕಸ್. 1986ರಲ್ಲಿ ಟೋಕಿಯೊದ ಶೃಂಗಸಭೆಗೆ ಅಧ್ಯಕ್ಷ ಮಿತ್ತೆರಾಂ ಹೋದರು, ಪ್ರಧಾನಿ ಶಿರಾಕ್ ಕೂಡ ಹೋದರು. ಫ್ರಾನ್ಸಿನ ಪರವಾಗಿ ಮಾತಾಡುವವರು ಯಾರು ಅನ್ನುವುದು ಬೇರೆಯವರಿಗೆ ತಲೆನೋವು.

ಇಳಿಸುವ ಪ್ರಶ್ನೆ ಕೇಳಿದರೆ ಈ ಪದ್ಧತಿಯ ವಿಚಿತ್ರ ಕಾಣುತ್ತದೆ. ಸಂಸತ್ತು ಪ್ರಧಾನಿಯನ್ನು ಇಳಿಸಬಹುದು, ತೀರ್ಮಾನ ಮಾಡುವ ಅಧ್ಯಕ್ಷರನ್ನು ಅವಿಶ್ವಾಸ ಮತದಿಂದ ಇಳಿಸಲಾರದು. 2024ರ ಡಿಸೆಂಬರ್‌ನಲ್ಲಿ ಬಾರ್ನಿಯೆ 331 ಮತಗಳಿಂದ ಬಿದ್ದರು, 2025ರ ಸೆಪ್ಟೆಂಬರ್‌ನಲ್ಲಿ ಬೈರು ಬಿದ್ದರು. ಅವಧಿಗೆ ಮುಂಚೆ ಸಂಸತ್ತು ವಿಸರ್ಜಿಸಿ ಈ ಅತಂತ್ರ ಸ್ಥಿತಿ ತಂದ ಅಧ್ಯಕ್ಷ ಮ್ಯಾಕ್ರನ್ ಮಾತ್ರ ಕುರ್ಚಿಯಲ್ಲೇ ಇದ್ದರು. ತಪ್ಪು ಯಾರದ್ದೋ, ಪೆಟ್ಟು ಯಾರಿಗೋ.

ಇನ್ನೂ ಹತ್ತಿರದ ಪಾಠ ಶ್ರೀಲಂಕಾದ್ದು. 2018ರ ಅಕ್ಟೋಬರ್ 26ರಂದು ಅಧ್ಯಕ್ಷ ಸಿರಿಸೇನಾ ಪ್ರಧಾನಿ ವಿಕ್ರಮಸಿಂಘೆ ಅವರನ್ನು ವಜಾ ಮಾಡಿ ಮಹಿಂದ ರಾಜಪಕ್ಸೆ ಅವರನ್ನು ಕೂರಿಸಿದರು. ವಿಕ್ರಮಸಿಂಘೆ ಅಧಿಕೃತ ನಿವಾಸ ಬಿಟ್ಟು ಕದಲಲಿಲ್ಲ. ಸುಮಾರು ಏಳು ವಾರ ದೇಶಕ್ಕೆ 'ನಾನೇ ಪ್ರಧಾನಿ' ಅನ್ನುವವರು ಇಬ್ಬರು. ನವೆಂಬರ್‌ನಲ್ಲಿ ಸದನದೊಳಗೆ ಖಾರದಪುಡಿ ಎರಚಾಡಿದರು, ಸ್ಪೀಕರ್ ಪೊಲೀಸರ ಸುತ್ತುಗಾವಲಿನಲ್ಲಿ ಬಂದು ಸಭೆ ನಡೆಸಬೇಕಾಯಿತು. ಸಿರಿಸೇನಾ ನಡುವೆ ಹೊರಡಿಸಿದ್ದ ಸಂಸತ್ತಿನ ವಿಸರ್ಜನೆಯ ಆದೇಶ ಸಂವಿಧಾನಕ್ಕೆ ವಿರುದ್ಧ ಅಂತ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹಳೆ ಪ್ರಧಾನಿ ವಾಪಸ್ ಬಂದರು.

ಫಿನ್‌ಲೆಂಡ್ ಇದೇ ಪದ್ಧತಿಯಲ್ಲಿದ್ದು, 2000ದ ಸಂವಿಧಾನದಲ್ಲಿ ಅಧ್ಯಕ್ಷರ ಅಧಿಕಾರ ಕತ್ತರಿಸಿ ಪ್ರಧಾನಿಗೆ ಕೊಟ್ಟಿತು. ಇಸ್ರೇಲ್ ಇನ್ನೊಂದು ಪ್ರಯೋಗ ಮಾಡಿತು. ಪ್ರಧಾನಿಯನ್ನೇ ಜನ ನೇರವಾಗಿ ಆರಿಸಲಿ ಅಂದಿತು. 1996, 1999, 2001, ಮೂರೇ ಸಲ. ಜನ ಪ್ರಧಾನಿಗೆ ಒಂದು ಮತ ಹಾಕಿ, ಸಂಸತ್ತಿಗೆ ತಮಗಿಷ್ಟದ ಚಿಕ್ಕ ಪಕ್ಷಕ್ಕೆ ಇನ್ನೊಂದು ಹಾಕಿದರು. ಪ್ರಧಾನಿಗೆ ಬಲ ಬರಲಿ ಅಂತ ತಂದದ್ದು ಅವರ ಪಕ್ಷವನ್ನೇ ಚಿಕ್ಕದು ಮಾಡಿತು. ಕೈಬಿಟ್ಟರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೂರರಲ್ಲಿ ಈ ಅರೆ-ಅಧ್ಯಕ್ಷೀಯ ಪದ್ಧತಿಗೆ ನಾನು ಕೊಡುವುದು ಕೊನೆಯ ಸ್ಥಾನ.

ಸ್ವಿಟ್ಜರ್ಲೆಂಡ್ ಈ ಯಾವ ಪೆಟ್ಟಿಗೆಯಲ್ಲೂ ಹಿಡಿಯುವುದಿಲ್ಲ. ಏಳು ಜನರ ಮಂಡಳಿ ದೇಶ ನಡೆಸುತ್ತದೆ, ಅಧ್ಯಕ್ಷ ಪಟ್ಟ ವರ್ಷಕ್ಕೊಬ್ಬರಿಗೆ. ಅವಿಶ್ವಾಸ ನಿರ್ಣಯವೇ ಇಲ್ಲ. 1848ರಿಂದ ಇದುವರೆಗೆ, ಮರು ಆಯ್ಕೆ ಕೇಳಿ ಸೋತ ಮಂಡಳಿ ಸದಸ್ಯರು ನಾಲ್ಕೇ ಜನ. ಬಾಗಿಲು ಮುಚ್ಚಿದ್ದರೂ ಜನರ ಕೈಲಿ ಬ್ರೇಕ್ ಇದೆ. ಸಂಸತ್ತು ಮಾಡಿದ ಕಾಯ್ದೆ ಇಷ್ಟವಾಗದಿದ್ದರೆ 100 ದಿನದಲ್ಲಿ 50,000 ಸಹಿ ಕೂಡಿಸಿ ಜನಮತಕ್ಕೆ, ಅಂದರೆ ಜನರೇ ನೇರವಾಗಿ ಬೇಕು-ಬೇಡ ಅಂತ ಮತ ಹಾಕುವುದಕ್ಕೆ, ಹಾಕಬಹುದು. ಚೆಂದವಾಗಿದೆ, ಆದರೆ ಬೇರೆ ಕಡೆ ಕೊಂಡೊಯ್ಯಲು ಕಷ್ಟ. ಅಂದಹಾಗೆ ಇಷ್ಟೆಲ್ಲ ಜನಮತ ಕೇಳುವ ಆ ದೇಶ ರಾಷ್ಟ್ರಮಟ್ಟದಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟದ್ದು 1971ರಲ್ಲಿ. ಕೇಳುತ್ತಿದ್ದದ್ದು ಬರೀ ಗಂಡಸರನ್ನು.

ಮತ ಎಣಿಸುವ ಲೆಕ್ಕ

ಸರ್ಕಾರದ ಪದ್ಧತಿಗಿಂತ ಇದು ದೊಡ್ಡ ವಿಷಯ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಬ್ರಿಟನ್ನಿನ 2024ರ ಚುನಾವಣೆ ನೋಡಿ. ಲೇಬರ್ ಪಕ್ಷಕ್ಕೆ ಶೇ. 33.7 ಮತ, 650ರಲ್ಲಿ 411 ಸ್ಥಾನ. ರಿಫಾರ್ಮ್ ಪಕ್ಷಕ್ಕೆ ಶೇ. 14.3 ಮತ, ಸಿಕ್ಕಿದ್ದು 5 ಸ್ಥಾನ. ಅದಕ್ಕಿಂತ ಕಡಿಮೆ, ಶೇ. 12.2 ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ಎಲ್ಲಾ ಕಡೆ ಚದುರಿದ ಮತಕ್ಕೆ ಬೆಲೆಯಿಲ್ಲ, ಒಂದು ಕಡೆ ಗುಡ್ಡೆ ಬಿದ್ದ ಮತಕ್ಕೆ ಬೆಲೆ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆದ್ದರು ಅನ್ನುವ ಪದ್ಧತಿಯ ಗುಣವೇ ಇದು. ಬದಲಿಗೆ ಸಿಗುವುದು ಗಟ್ಟಿ ಬಹುಮತ, ಮತ್ತು 'ಇವರು ನಮ್ಮ ಕ್ಷೇತ್ರದವರು' ಅಂತ ತೋರಿಸಲು ಒಬ್ಬ ವ್ಯಕ್ತಿ.

ಇನ್ನೊಂದು ತುದಿ ನೆದರ್‌ಲ್ಯಾಂಡ್ಸ್. ಇಡೀ ದೇಶವೇ ಒಂದು ಕ್ಷೇತ್ರ, 150 ಸ್ಥಾನ, ಮತ ಎಷ್ಟೋ ಸ್ಥಾನ ಅಷ್ಟು. ಇದೇ ಅನುಪಾತ ಪದ್ಧತಿ. 2021ರಲ್ಲಿ 17 ಪಕ್ಷಗಳು ಒಳಗೆ ಬಂದವು, ಸರ್ಕಾರ ರಚಿಸಲು 299 ದಿನ ಹಿಡಿಯಿತು. ಬೆಲ್ಜಿಯಂ 2010–11ರಲ್ಲಿ 541 ದಿನ ಹಂಗಾಮಿ ಸರ್ಕಾರದಲ್ಲೇ ಕಾಲ ಹಾಕಿತು. ಇಂಥ ಕಡೆ ಎರಡು ಸ್ಥಾನದ ಪಕ್ಷವೂ ಷರತ್ತು ಹಾಕುತ್ತದೆ, ಮೂಗಿಗಿಂತ ಮೂಗುತಿ ಭಾರ.

ಹಾಗಂತ 'ಇಷ್ಟು ಶೇಕಡ ಮತ ಬರದಿದ್ದರೆ ಸ್ಥಾನವಿಲ್ಲ' ಅನ್ನುವ ಹೊಸ್ತಿಲನ್ನು ತೀರಾ ಎತ್ತರಿಸಿದರೂ ಕಷ್ಟ. ಟರ್ಕಿಯಲ್ಲಿ ಅದು ಶೇ. 10 ಇತ್ತು. 2002ರಲ್ಲಿ ಸುಮಾರು ಶೇ. 45 ಮತ ಯಾವ ಸ್ಥಾನವಾಗಿಯೂ ಬದಲಾಗದೆ ನೀರಿನಲ್ಲಿ ಹೋಮವಾಯಿತು. ಶೇ. 34 ಮತ ಪಡೆದ ಎಕೆಪಿಗೆ 550ರಲ್ಲಿ 363 ಸ್ಥಾನ. ಅನುಪಾತದ ಹೆಸರಿನಲ್ಲಿ ಬ್ರಿಟನ್ನಿನದ್ದೇ ಲೆಕ್ಕ.

ನಡುವಿನ ದಾರಿ ಹಿಡಿದದ್ದು ನ್ಯೂಜಿಲೆಂಡ್, ಅದೂ ತಮಾಷೆಯಾಗಿ. 1978, 1981 ಎರಡೂ ಸಲ ಲೇಬರ್ ಪಕ್ಷಕ್ಕೆ ದೇಶದಲ್ಲಿ ಹೆಚ್ಚು ಮತ, ಸರ್ಕಾರ ಮಾತ್ರ ಎದುರಾಳಿಯದ್ದು. 1981ರಲ್ಲೇ ಸೋಷಿಯಲ್ ಕ್ರೆಡಿಟ್ ಅನ್ನುವ ಮೂರನೇ ಪಕ್ಷಕ್ಕೆ ಶೇ. 20 ದಾಟಿ ಮತ ಬಂದು, ಸಿಕ್ಕಿದ್ದು ಎರಡು ಸ್ಥಾನ. 1987ರ ಟಿವಿ ಚರ್ಚೆಯಲ್ಲಿ ಪ್ರಧಾನಿ ಡೇವಿಡ್ ಲಾಂಗಿ ಕೈಲಿದ್ದ ಟಿಪ್ಪಣಿ ತಪ್ಪಾಗಿ ಓದಿ, ಪದ್ಧತಿ ಬದಲಿಸುವ ಬಗ್ಗೆ ಜನಮತ ನಡೆಸುತ್ತೇವೆ ಅಂದುಬಿಟ್ಟರು. ಪಕ್ಷ ಅಂಥ ತೀರ್ಮಾನವನ್ನೇ ಮಾಡಿರಲಿಲ್ಲ! ಆಮೇಲೆ ಲೇಬರ್ ಜಾರಿಕೊಂಡಿತು. ಎದುರು ಪಕ್ಷ ಅದನ್ನೇ ಹಿಡಿದು 1990ರಲ್ಲಿ ಭರವಸೆ ಕೊಟ್ಟು ಗೆದ್ದಿತು. 1993ರ ಜನಮತದಲ್ಲಿ ಶೇ. 53.9 ಜನ ಬದಲಾವಣೆಗೆ ಹೂಂ ಅಂದರು. ಈಗ ಅಲ್ಲಿ ಒಬ್ಬರಿಗೆ ಎರಡು ಮತ. ಒಂದು ಕ್ಷೇತ್ರದ ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. ಪಕ್ಷದ ಮತದ ಪ್ರಕಾರ ಒಟ್ಟು ಸ್ಥಾನ ಸರಿದೂಗಿಸುತ್ತಾರೆ. ಶೇ. 5 ಮತ ಬರಬೇಕು, ಇಲ್ಲವೇ ಒಂದು ಕ್ಷೇತ್ರವಾದರೂ ಗೆಲ್ಲಬೇಕು. 1996ರ ಮೊದಲ ಪ್ರಯೋಗದಲ್ಲಿ ಸರ್ಕಾರ ರಚಿಸಲು ಎರಡು ತಿಂಗಳು ಎಳೆದಾಡಿ ಜನಕ್ಕೆ ರೇಗಿಹೋಗಿತ್ತು. ಆದರೂ 2011ರಲ್ಲಿ ಇದೇ ಇರಲಾ ಅಂತ ಕೇಳಿದಾಗ ಶೇ. 57ಕ್ಕೂ ಹೆಚ್ಚು ಜನ ಇರಲಿ ಅಂದರು.

ಮೇಲ್ಮನೆ, ಕೋರ್ಟು

ಮೇಲ್ಮನೆ ಬೇಕಾ? ರಾಜ್ಯಗಳ ಒಕ್ಕೂಟವಾದರೆ ಬೇಕು, ಇಲ್ಲದಿದ್ದರೆ ನನಗೆ ಅಷ್ಟು ಅವಸರವಿಲ್ಲ. ಡೆನ್ಮಾರ್ಕ್ 1953ರಲ್ಲಿ ತೆಗೆಯಿತು, ಸ್ವೀಡನ್ 1971ರಿಂದ ಒಂದೇ ಸದನದಲ್ಲಿದೆ. ನ್ಯೂಜಿಲೆಂಡ್ 1950ರಲ್ಲಿ ತೆಗೆದದ್ದಂತೂ ಸ್ವಾರಸ್ಯ. ಮೇಲ್ಮನೆಯನ್ನು ರದ್ದು ಮಾಡುವುದಕ್ಕೆಂದೇ ಹೊಸ ಸದಸ್ಯರನ್ನು ಅದಕ್ಕೆ ನೇಮಿಸಿದರು, ಅವರು ಬಂದು ತಮ್ಮ ಸದನವನ್ನೇ ಮತ ಹಾಕಿ ಮುಚ್ಚಿದರು. 'ಆತ್ಮಹತ್ಯಾ ದಳ' ಅಂತಲೇ ಅವರಿಗೆ ಹೆಸರು ಬಿತ್ತು.

ಒಕ್ಕೂಟವಾದರೆ ಎರಡು ಮಾದರಿ ಹೋಲಿಸಿ. ಅಮೆರಿಕದ ಸೆನೆಟ್‌ನಲ್ಲಿ ರಾಜ್ಯಕ್ಕೆ ಎರಡು ಸ್ಥಾನ. ಆರು ಲಕ್ಷವೂ ತುಂಬದ ವಯೋಮಿಂಗ್‌ಗೂ ಎರಡು, ನಾಲ್ಕು ಕೋಟಿ ಸಮೀಪದ ಕ್ಯಾಲಿಫೋರ್ನಿಯಾಕ್ಕೂ ಎರಡು. ಜರ್ಮನಿಯ ಬುಂಡೆಸ್‌ರಾಟ್‌ನಲ್ಲಿ ರಾಜ್ಯಕ್ಕೆ ಜನಸಂಖ್ಯೆ ನೋಡಿ 3ರಿಂದ 6 ಮತ, ಒಟ್ಟು 69. ಅಲ್ಲಿ ಕೂರುವವರು ರಾಜ್ಯ ಸರ್ಕಾರದ ಮಂತ್ರಿಗಳೇ, ರಾಜ್ಯದ ಎಲ್ಲ ಮತ ಒಟ್ಟಿಗೇ ಬೀಳಬೇಕು. ರಾಜ್ಯದ ದನಿ ನಿಜವಾಗಿ ಕೇಳಿಸುವುದು ಎರಡನೆಯದರಲ್ಲಿ.

ಮೇಲ್ಮನೆಗೆ ಬಜೆಟ್ ತಡೆಯುವ ಅಧಿಕಾರ ಮಾತ್ರ ಕೊಡಬೇಡಿ. 1975ರಲ್ಲಿ ಆಸ್ಟ್ರೇಲಿಯಾದ ಸೆನೆಟ್ ಹಣ ಬಿಡುಗಡೆ ತಡೆಹಿಡಿಯಿತು. ನವೆಂಬರ್ 11ರಂದು ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ಕೆರ್, ಕೆಳಮನೆಯಲ್ಲಿ ಬಹುಮತ ಇದ್ದ ಪ್ರಧಾನಿ ವಿಟ್ಲಮ್ ಅವರನ್ನು ವಜಾ ಮಾಡಿದರು. ಕೆರ್ ಹೆಸರನ್ನು ಆ ಹುದ್ದೆಗೆ ಸೂಚಿಸಿದವರು ವಿಟ್ಲಮ್ ಅವರೇ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಇಳಿಯುವ ಮೆಟ್ಟಿಲು ಅಲ್ಲಿ ಮೂಲೆಯಲ್ಲಿತ್ತು.

ಕೋರ್ಟಿನ ಬಗ್ಗೆ ಒಂದೇ ಮಾತು. ನ್ಯಾಯಾಧೀಶರ ಅವಧಿ ನೋಡಿ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಜೀವನಪರ್ಯಂತ, ಹಾಗಾಗಿ ಒಂದು ಸ್ಥಾನ ಖಾಲಿಯಾದರೆ ಯುದ್ಧ. ಜರ್ಮನಿಯ ಸಂವಿಧಾನ ನ್ಯಾಯಾಲಯದಲ್ಲಿ 12 ವರ್ಷ, ಮತ್ತೆ ನೇಮಕ ಇಲ್ಲ, ಆರಿಸಲು ಮೂರನೇ ಎರಡು ಬಹುಮತ ಬೇಕು. ಅಲ್ಲಿ ಆ ಗಲಾಟೆ ಬಹಳ ಕಡಿಮೆ.

ಆರಿಸುವುದಾದರೆ

ಭಾಷೆ, ಧರ್ಮ, ಪ್ರಾಂತ್ಯ ಅಂತ ಹಲವು ಗುಂಪು ಇರುವ ದೇಶವಾದರೆ ಒಬ್ಬರೇ ಕೂರುವ ಕುರ್ಚಿ ಅಪಾಯ. ಸೋತವರಿಗೆ ಏನೂ ಉಳಿಯುವುದಿಲ್ಲ. ಅಲ್ಲಿ ಸಂಸದೀಯ ಪದ್ಧತಿ, ಅನುಪಾತದ ಮತ, ರಾಜ್ಯಗಳ ಮೇಲ್ಮನೆ ಹೊಂದುತ್ತದೆ. ಸರ್ಕಾರಗಳು ಪದೇ ಪದೇ ಬಿದ್ದು ಸಾಕಾಗಿದ್ದರೆ, ಅಧ್ಯಕ್ಷೀಯ ಪದ್ಧತಿಗೆ ಹಾರುವ ಮುಂಚೆ ಜರ್ಮನಿಯ 67ನೇ ವಿಧಿ ಓದಿ. ಒಂದು ವಿಧಿಯಿಂದ ಆಗುವ ಕೆಲಸಕ್ಕೆ ಮನೆಯನ್ನೇ ಕೆಡವಬೇಕಾಗಿಲ್ಲ. ಅಧ್ಯಕ್ಷರೇ ಬೇಕು ಅಂತ ಜನ ಹಟ ಹಿಡಿದರೆ (ಬ್ರೆಜಿಲ್‌ನಲ್ಲಿ 1993ರ ಜನಮತದಲ್ಲಿ ಕೇಳಿದಾಗ ಜನ ಅಧ್ಯಕ್ಷೀಯವನ್ನೇ ಉಳಿಸಿಕೊಂಡರು) ಪಕ್ಷಗಳು ಎಷ್ಟಿವೆ ಎಣಿಸಿ. ಹತ್ತಿಪ್ಪತ್ತು ಪಕ್ಷದ ಸಂಸತ್ತಿನ ಎದುರು ಒಬ್ಬ ಅಧ್ಯಕ್ಷ ಅಂದರೆ ದಿನಬೆಳಗಾದರೆ ಚೌಕಾಶಿ. ಒಂದು ಅವಧಿಯ ಮಿತಿ, ಸೈನಿಕ ಕಾನೂನಿಗೆ ಸಂಸತ್ತಿನ ಬೀಗ, ವಾಗ್ದಂಡನೆಗೆ ನ್ಯಾಯಾಲಯದ ಎರಡನೇ ಕೀಲಿ, ಇವು ಇಲ್ಲದೆ ಒಪ್ಪಬೇಡಿ.

ಕೊನೆಗೆ ಒಂದನ್ನು ನೋಡಿಕೊಳ್ಳಿ: ಈ ನಿಯಮಗಳನ್ನು ಬದಲಿಸುವವರು ಯಾರು? ಗೆದ್ದವರಿಗೆ ತಾವು ಗೆದ್ದ ಪದ್ಧತಿಯೇ ಚೆಂದ. ಕೆನಡಾದಲ್ಲಿ ಟ್ರುಡೋ 2015ರ ಚುನಾವಣೆಯೇ ಹಳೆ ಪದ್ಧತಿಯ ಕೊನೆಯದು ಅಂತ ಹೇಳಿ ಗೆದ್ದರು, 2017ರಲ್ಲಿ ಕೈಬಿಟ್ಟರು. ಐರ್ಲೆಂಡ್‌ನಲ್ಲಿ ಆದದ್ದು ಉಲ್ಟಾ. ಅಲ್ಲಿ ಮತದಾರರು ಅಭ್ಯರ್ಥಿಗಳಿಗೆ 1, 2, 3 ಅಂತ ಅಂಕಿ ಹಾಕುವ ಅನುಪಾತ ಪದ್ಧತಿ ಇದೆ. ಡಿ ವಲೇರಾ ಅವರ ಪಕ್ಷ ಇದನ್ನು ತೆಗೆದು ಬ್ರಿಟನ್ನಿನ ಪದ್ಧತಿ ತರಲು ಹೊರಟಿತು. ಅದಕ್ಕೆ ಜನಮತ ಬೇಕಿತ್ತು. 1959ರ ಜೂನ್ 17, ಅಂದೇ ಅಧ್ಯಕ್ಷರ ಚುನಾವಣೆಯೂ ಇತ್ತು, ಡಿ ವಲೇರಾ ಅವರೇ ಅಭ್ಯರ್ಥಿ. ಜನ ಒಂದೇ ಬೂತಿನಲ್ಲಿ ಎರಡು ಚೀಟಿ ತೆಗೆದುಕೊಂಡರು. ಒಂದರಲ್ಲಿ ಅವರನ್ನು ಗೆಲ್ಲಿಸಿದರು, ಇನ್ನೊಂದರಲ್ಲಿ ಅವರು ಕೇಳಿದ್ದಕ್ಕೆ ಶೇ. 51.8 ಜನ ಬೇಡ ಅಂದರು. ಒಂಬತ್ತು ವರ್ಷ ಬಿಟ್ಟು ಪಕ್ಷ ಮತ್ತೆ ಕೇಳಿತು. ಆಗ ಬೇಡ ಅಂದವರು ಶೇ. 60 ದಾಟಿದ್ದರು.